ಸೋಣ ತಿಂಗಳ ಒಂದು ದನಿ: ವಲಸೆ ಹಕ್ಕಿ, ಪಂಚಾಂಗ ಮತ್ತು ಪಾಠಾಂತರ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೂ ಸ್ಥಾನವಿದೆ. ಶರತ್ಕಾಲ ಬಂದಿತೆಂದರೆ ಕವಿಗೆ ಬೇಕಾದ ಸಾಮಗ್ರಿ ಮೊದಲೇ ಸಿದ್ಧವಾಗಿರುತ್ತದೆ. ಮೋಡ ಬೆಳ್ಳಗಾಗುತ್ತದೆ, ಕೆರೆಯ ಕದಡು ತಿಳಿಯಾಗುತ್ತದೆ, ಕಾಶಪುಷ್ಪ ಅರಳುತ್ತದೆ, ನವಿಲು ಮೌನ ತಾಳುತ್ತದೆ, ಹಂಸಗಳು ಮರಳಿ ಬರುತ್ತವೆ. ಕಾವ್ಯವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳು ಈ ಭಾಗವನ್ನು ‘ಸಾಂಪ್ರದಾಯಿಕ ವರ್ಣನೆ’ ಎಂದು ಗುರುತು ಹಾಕಿ ಮುಂದಿನ ಆಶ್ವಾಸಕ್ಕೆ ಸಾಗುವುದು ರೂಢಿ. ಕವಿಸಮಯವೆಂಬ ಪದ ನಮ್ಮ ತರಗತಿಗಳಲ್ಲಿ ಅನೇಕ ವೇಳೆ ‘ಕವಿ ಕಣ್ಣಾರೆ ಕಾಣದೆ ಬರೆದದ್ದು’ ಎಂಬ ಅರ್ಥದಲ್ಲಿಯೇ ಬಳಕೆಯಾಗುತ್ತದೆ.

ಆದರೆ ಹಂಸದ ವಿಷಯದಲ್ಲಿ ಈ ತೀರ್ಮಾನ ಅಷ್ಟು ಸುಲಭವಲ್ಲ. ಮಳೆಗಾಲ ತೊಡಗಿದಾಗ ಹಂಸಗಳು ಮಾನಸ ಸರೋವರದತ್ತ ಹಾರುತ್ತವೆ, ಮಳೆ ಕಳೆದ ಮೇಲೆ ಹಿಂದಿರುಗುತ್ತವೆ ಎಂಬುದು ಸಂಸ್ಕೃತ ಕಾವ್ಯದಲ್ಲಿ ನೆಲೆನಿಂತ ಕಲ್ಪನೆ. ಕಾಳಿದಾಸನ ‘ಮೇಘದೂತ’ದ ಮೋಡಕ್ಕೂ ರಾಜಹಂಸಗಳೇ ಸಹಪಯಣಿಗರು. ಇಂದು ಪಕ್ಷಿವಿಜ್ಞಾನ ‘ಪಟ್ಟೆತಲೆ ಹೆಬ್ಬಾತು’ ಎಂದು ಕರೆಯುವ ಹಕ್ಕಿಯ ಜೀವನಕ್ರಮವೂ ಹೆಚ್ಚುಕಡಿಮೆ ಇದೇ ಆಗಿದೆ. ಅದು ಬೇಸಗೆಯಲ್ಲಿ ಟಿಬೆಟ್, ಲಡಾಖ್, ಮಂಗೋಲಿಯಾಗಳ ಎತ್ತರದ ಸರೋವರಗಳ ಬಳಿ ಮರಿಮಾಡಿ, ಹಿಮಾಲಯವನ್ನು ದಾಟಿ ಚಳಿಗಾಲವನ್ನು ಭಾರತದಲ್ಲಿ ಕಳೆಯುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳ ಪ್ರಸಿದ್ಧ ತಂಗುದಾಣ. 2024ರಲ್ಲಿ ಅದು ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಸಾಹಿತ್ಯದ ವಿದ್ಯಾರ್ಥಿಗೆ ಆ ಕೆರೆಯ ನೆರೆಹೊರೆಯೂ ಮುಖ್ಯವಾದುದು. ಅದು ಲಕ್ಷ್ಮೇಶ್ವರಕ್ಕೆ, ಅಂದರೆ ಪಂಪನು ತನ್ನ ಕಾವ್ಯಭಾಷೆಯ ಸತ್ತ್ವಕ್ಕೆ ಆಧಾರವಾಗಿ ಹೆಸರಿಸಿದ ಪುಲಿಗೆರೆಗೆ, ದೂರವಲ್ಲದ ಊರು. ಕಾವ್ಯದ ಹಂಸ ಇದೇ ಹಕ್ಕಿಯೆಂದು ಸಾಧಿಸಹೊರಡುವುದು ಸಾಹಸವಾದೀತು. ಹಂಸವೆಂಬ ಪದ ಒಂದಕ್ಕಿಂತ ಹೆಚ್ಚು ಹಕ್ಕಿಗಳಿಗೆ ಸಂದಿದೆ. ಆದರೂ ಕವಿಸಮಯವು ಹೇಳುವ ದಿಕ್ಕು ಸರಿಯಾಗಿದೆ, ಋತುವೂ ಸರಿಯಾಗಿದೆ. ಎಂದೋ ಯಾರೋ ತಲೆಯೆತ್ತಿ ನೋಡಿದ್ದರು ಎಂಬುದಕ್ಕೆ ಇಷ್ಟು ಸಾಕು.

ಹೆಬ್ಬಾತುಗಳು ಮಾಗಡಿ ಕೆರೆಗೆ ಇಳಿಯುವುದು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ ಅಥವಾ ಅದರ ಅನಂತರ. ಆ ವೇಳೆಗೆ ದಿಗಂಬರ ಮುನಿಗಳ ವರ್ಷಾಯೋಗವೂ ಮುಗಿದಿರುತ್ತದೆ. ತೇವದ ನೆಲದಲ್ಲಿ ಹುಟ್ಟಿ ಹರಿದಾಡುವ ಜೀವಗಳಿಗೆ ಕಾಲ್ತುಳಿತದಿಂದ ಹಿಂಸೆಯಾಗಬಾರದೆಂದು ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಂತವರು, ಮಹಾವೀರ ನಿರ್ವಾಣದ ದಿನ ಕಳೆದ ಮೇಲೆ ಮತ್ತೆ ವಿಹಾರ ತೊಡಗುತ್ತಾರೆ. ನೆಲದ ಮೇಲೆ ಮುನಿಗಳೂ ಆಕಾಶದಲ್ಲಿ ಹಕ್ಕಿಗಳೂ ಒಂದೇ ಕಾಲದಲ್ಲಿ ಹಾದಿ ಹಿಡಿಯುವ ಈ ಕಾಕತಾಳೀಯ ಮನೋಹರವಾದುದು. ಆದರೆ ಹೆಬ್ಬಾತು ಈ ಋತುವಿನ ಮೊದಲ ಸೂಚನೆಯಲ್ಲ. ಮೊದಲ ಸೂಚನೆ ಅದಕ್ಕೂ ಎರಡು ತಿಂಗಳು ಮುಂಚೆ, ಮಳೆ ಇನ್ನೂ ನಿಂತಿರದಾಗಲೇ ಬರುತ್ತದೆ. ಅದು ಬಹಳ ಚಿಕ್ಕದು. ಯಾವ ಕವಿಯೂ ಅದಕ್ಕೊಂದು ಸಮಯವನ್ನು ಕಟ್ಟಿಕೊಟ್ಟಂತೆ ತೋರುವುದಿಲ್ಲ.

ಆ ಚಿಕ್ಕ ಸೂಚನೆಯನ್ನು ಹಲವು ವರ್ಷ ಬರೆದಿಟ್ಟವರು ಕಾರ್ಕಳದಲ್ಲಿ ನೆಲಸಿರುವ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕರು. ಬದುಕಿನ ಹೆಚ್ಚು ಭಾಗವನ್ನು ಗ್ರಂಥಸಂಪಾದನೆಯಲ್ಲಿ ಕಳೆದವರು. ಓಲೆಗರಿಗಳ ಒಂದೊಂದು ಅಕ್ಷರಕ್ಕೂ ಭೂತಗನ್ನಡಿ ಹಿಡಿದು ಕಣ್ಣು ಮಂಜಾಗಿಸಿಕೊಂಡವರು. ಬೆಳಗಿನ ಹೊತ್ತು ಗೊಮ್ಮಟಬೆಟ್ಟದ ಬುಡದವರೆಗೆ ನಡೆದು, ಮೈಯಲ್ಲಿ ಶಕ್ತಿಯಿದ್ದ ದಿನ ಮೆಟ್ಟಿಲೇರಿ, 1432ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯ ಪಾದಕ್ಕೆ ವಂದಿಸಿ ಬರುವುದು ಅವರ ನಿತ್ಯಕ್ರಮ. ಮಳೆಗಾಲದಲ್ಲಿ ಆ ಬೆಟ್ಟದ ಹಾಸುಬಂಡೆಯ ಮೇಲೆ ಪಾಚಿ ಕಟ್ಟುತ್ತದೆ. ನೀರಿನ ಸಣ್ಣ ಸಣ್ಣ ಎಳೆಗಳು ಕಲ್ಲಿನ ಮೇಲೆ ಹರಿಯುತ್ತಿರುತ್ತವೆ. ಅಲ್ಲಿಯೇ ಒಂದು ಬೆಳಿಗ್ಗೆ ‘ಚಿಟ್-ಚಿಟ್’ ಎಂಬ ಚೂಪಾದ ದನಿ ಕೇಳಿಸಿ ಅವರು ನಿಂತರು. ಬೂದುಬೆನ್ನಿನ, ಹಳದಿ ಹೊಟ್ಟೆಯ, ಮೈಗಿಂತ ಬಾಲವೇ ದೊಡ್ಡದೆನಿಸುವ ಹಕ್ಕಿಯೊಂದು ನೀರಿನ ಎಳೆಯ ಪಕ್ಕದಲ್ಲಿ ಬಾಲ ಕುಣಿಸುತ್ತ ಹುಳು ಹೆಕ್ಕುತ್ತಿತ್ತು. ಹಿಂದಿನ ದಿನ ಅದು ಅಲ್ಲಿರಲಿಲ್ಲ.

ಅದು ಬೂದು ಸಿಪಿಲೆ. ಬಾಲ ಕುಣಿಸುವ ಸ್ವಭಾವದಿಂದ ಈ ಜಾತಿಯ ಹಕ್ಕಿಗಳಿಗೆ ಕುಂಡೆಕುಸ್ಕ ಎಂಬ ಹೆಸರೂ ಇದೆ. ಕಪ್ಪು-ಬಿಳುಪಿನ ದೊಡ್ಡ ಸಿಪಿಲೆ ವರ್ಷವಿಡೀ ನಮ್ಮಲ್ಲಿಯೇ ಇರುವ ಹಕ್ಕಿ. ಬೂದು ಸಿಪಿಲೆ ಹಾಗಲ್ಲ. ಅದು ಹಿಮಾಲಯದಲ್ಲಿ ಮತ್ತು ಅದಕ್ಕೂ ಉತ್ತರದ ಸೀಮೆಗಳ ತೊರೆಗಳ ಬಳಿ ಮರಿಮಾಡಿ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ದಕ್ಷಿಣವನ್ನು ಮುಟ್ಟುತ್ತದೆ. ಅದರ ತೂಕ 20 ಗ್ರಾಮಿನ ಆಸುಪಾಸು. ಉಂಗುರ ತೊಡಿಸಿ ನಡೆಸಿದ ಅಧ್ಯಯನಗಳಿಂದ ವಲಸೆಹಕ್ಕಿಗಳಲ್ಲಿ ಎಷ್ಟೋ ಹಿಂದಿನ ವರ್ಷ ಚಳಿಗಾಲ ಕಳೆದ ಎಡೆಗೇ ಮರಳುತ್ತವೆಂದು ತಿಳಿದಿದೆ. ಹೊರಡುವ ಕಾಲವನ್ನು ಅವುಗಳಿಗೆ ಮುಖ್ಯವಾಗಿ ತಿಳಿಸುವುದು ಹಗಲಿನ ಅಳತೆ. ಹಗಲು ಕಿರಿದಾಗುತ್ತ ಬಂದಂತೆ ಹಕ್ಕಿಯ ಮೈಯೊಳಗೆ ಬದಲಾವಣೆ ತೊಡಗಿ, ಕೊಬ್ಬು ಕೂಡಿ, ಪ್ರಯಾಣದ ತವಕ ಹುಟ್ಟುತ್ತದೆ.

ಅಧ್ಯಾಪಕರು ಅಂದು ಮನೆಗೆ ಬಂದು ಗೋಡೆಗೆ ತೂಗಿದ್ದ ಪಂಚಾಂಗದ ಅಂಚಿನಲ್ಲಿ, ಆ ದಿನದ ತಿಥಿಯ ಪಕ್ಕ, ಸೀಸದಕಡ್ಡಿಯಿಂದ ‘ಸಿಪಿಲೆ, ದನಿ’ ಎಂದು ಬರೆದರು. ಮರುವರ್ಷವೂ ಬರೆದರು. ಹಳೆಯ ಪಂಚಾಂಗಗಳನ್ನು ಎಸೆಯುವ ಅಭ್ಯಾಸ ಅವರಿಗಿರಲಿಲ್ಲ. ಹೀಗೆ ಒಂದು ಕಪಾಟಿನ ಕೆಳಹಲಗೆಯಲ್ಲಿ ಕಾಲು ಶತಮಾನದಷ್ಟು ದಾಖಲೆ ತಾನಾಗಿ ಸೇರಿತು.

ಮೊದಲಿಗೆ ಅವರನ್ನು ಕಾಡಿದ್ದು ತಿಥಿಗಳ ಅಸ್ಥಿರತೆ. ಹಕ್ಕಿ ಒಮ್ಮೆ ದಶಲಕ್ಷಣ ಪರ್ವದ ನಡುವೆ ಬರುತ್ತಿತ್ತು, ಒಮ್ಮೆ ಪರ್ವ ಮುಗಿದು ಕ್ಷಮಾವಳಿಯೂ ಕಳೆದ ಮೇಲೆ, ಇನ್ನೊಮ್ಮೆ ಪರ್ವಕ್ಕೆ ಎರಡು ವಾರ ಮೊದಲೇ. ಇದಕ್ಕೆ ಕಾರಣ ಹಕ್ಕಿಯಲ್ಲ, ಚಾಂದ್ರಮಾನ. ಭಾದ್ರಪದ ಶುಕ್ಲಪಕ್ಷವು ಅಧಿಕಮಾಸದ ದೆಸೆಯಿಂದ ಸೌರವರ್ಷದಲ್ಲಿ ಹಿಂದೆ ಮುಂದೆ ಸರಿಯುತ್ತಿರುತ್ತದೆ. 2022ರಲ್ಲಿ ಆಗಸ್ಟ್ ಕೊನೆಗೆ ಬಂದ ಚೌತಿ, ಅಧಿಕ ಶ್ರಾವಣವಿದ್ದ 2023ರಲ್ಲಿ ಸೆಪ್ಟೆಂಬರ್ ಮೂರನೆಯ ವಾರಕ್ಕೆ ಹೋಯಿತು. ಹಕ್ಕಿ ನೋಡುವುದು ಸೂರ್ಯನನ್ನು. ಆದ್ದರಿಂದ ಅವರು ತುಳುನಾಡಿನ ಸೌರಮಾಸಗಳಲ್ಲಿ ಅದೇ ದಿನಗಳನ್ನು ಮತ್ತೆ ಎಣಿಸಿದರು. ಚೆಲ್ಲಾಪಿಲ್ಲಿಯಾಗಿದ್ದ ಗುರುತುಗಳು ಒಂದೆಡೆ ಕೂಡಿದವು. ಸೋಣ ತಿಂಗಳ ಇಪ್ಪತ್ತರ ಸುಮಾರಿಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ, ಗದ್ದೆಯಲ್ಲಿ ಏಣೆಲು ಪೈರು ತೆನೆಗಟ್ಟುವ ಹೊತ್ತಿಗೆ, ಬೆಟ್ಟದ ಬಂಡೆಯ ಮೇಲೆ ಆ ದನಿ ಕೇಳಿಸುತ್ತಿತ್ತು. ಎರಡು ಪ್ರತಿಗಳ ಪಾಠವನ್ನು ತಾಳೆ ನೋಡಿ ಕವಿಯ ಮೂಲಪಾಠ ಸಿಕ್ಕಿದಾಗ ಆಗುವ ಸಂತೋಷವೇ ಅವರಿಗೆ ಅಂದು ಆಯಿತು.

ಎರಡು ವರ್ಷಗಳ ಹಿಂದೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಹಸ್ತಪ್ರತಿಯೊಂದರ ವಿಚಾರವಾಗಿ ಅವರ ಮನೆಗೆ ಹೋಗಿದ್ದಳು. ಮಾತಿನ ನಡುವೆ ಈ ಪಂಚಾಂಗಗಳ ಕಟ್ಟು ಅವಳ ಕಣ್ಣಿಗೆ ಬಿತ್ತು. ಅವಳು ಅನುಮತಿ ಕೇಳಿ, ನೆಲದ ಮೇಲೆ ಅವನ್ನು ವರ್ಷವಾರು ಹರಡಿ, ದಿನಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು. ಸಂಜೆಯ ಹೊತ್ತಿಗೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಮೊದಲ ಹದಿನೈದು ಹದಿನಾರು ವರ್ಷ ಸೋಣದ ಇಪ್ಪತ್ತರ ಆಚೀಚೆಗೆ ನಿಂತಿದ್ದ ದಿನ, ಅನಂತರ ಮೆಲ್ಲಮೆಲ್ಲನೆ ಜಾರುತ್ತ ಹೋಗಿ, ಈಚಿನ ವರ್ಷಗಳಲ್ಲಿ ಸೋಣವನ್ನೇ ದಾಟಿ ನಿರ್ನಾಲ ತಿಂಗಳಿಗೆ ಕಾಲಿಟ್ಟಿತ್ತು. ಎರಡು ವಾರಕ್ಕೂ ಮಿಕ್ಕಿದ ಅಂತರ.

“ಸರ್, ಹವಾಮಾನ ಬದಲಾವಣೆಗೆ ನಿಮ್ಮ ಮನೆಯಲ್ಲೇ ಸಾಕ್ಷಿ ಇದೆ” ಎಂದಳು ಅವಳು. “ಹಕ್ಕಿ ವರ್ಷ ವರ್ಷಕ್ಕೂ ತಡವಾಗುತ್ತಿದೆ. ಇದನ್ನು ಪ್ರಕಟಿಸಬೇಕು.”

ವಲಸೆಯ ಕಾಲಗಳು ಬದಲಾಗುತ್ತಿರುವುದನ್ನು ಜಗತ್ತಿನ ಹಲವೆಡೆ ವಿಜ್ಞಾನಿಗಳು ದಾಖಲಿಸಿದ್ದಾರೆ. ಆದ್ದರಿಂದ ಅವಳ ಊಹೆ ಅಸಂಗತವಾಗಿರಲಿಲ್ಲ. ಅಧ್ಯಾಪಕರಿಗೂ ಹಿಗ್ಗಾಯಿತು. ಸಂಪಾದಕರಿಗೆ ಸಾಮಾನ್ಯವಾಗಿ ದೊರೆಯುವ ಕೀರ್ತಿ ಅಡಿಟಿಪ್ಪಣಿಯ ಗಾತ್ರದ್ದು. ತಾವು ಸುಮ್ಮನೆ ಗೀಚಿದ ಗುರುತುಗಳು ಇಳಿವಯಸ್ಸಿನಲ್ಲಿ ಜ್ಞಾನದ ಒಂದು ಶಾಖೆಗೆ ಉಪಕಾರವಾಗುತ್ತವೆಂಬುದು ಯಾರಿಗಾದರೂ ಸಂತೋಷವನ್ನೇ ತರುವ ಮಾತು. ಅವರು ಒಪ್ಪಿದರು. ಒಂದು ವಾರದಲ್ಲಿ ತಾವೇ ಶುದ್ಧಪ್ರತಿ ಮಾಡಿಕೊಡುವುದಾಗಿಯೂ ಹೇಳಿದರು.

ಅವಳು ಏಳುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿದಳು. ನಡುವೆ ಒಂದು ವರ್ಷ ಏನೂ ಬರೆದಿಲ್ಲವೇಕೆ? ಅಧ್ಯಾಪಕರು ಆ ಪಂಚಾಂಗವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದು ಅವರ ಪತ್ನಿ ಆಸ್ಪತ್ರೆಯಲ್ಲಿದ್ದ ವರ್ಷ. ಸೋಣ, ನಿರ್ನಾಲ ಎರಡೂ ತಿಂಗಳು ಅವರು ಆ ಹಾಸಿಗೆಯ ಪಕ್ಕ ಕುಳಿತಿದ್ದರು. ದೀಪಾವಳಿಯ ಹೊತ್ತಿಗೆ ಒಬ್ಬರೇ ಮನೆಗೆ ಮರಳಿದರು. “ಅದು ಗ್ರಂಥಪಾತ” ಎಂದರು ಕೊನೆಗೆ. “ಹಕ್ಕಿ ಬಂದೇ ಇರುತ್ತದೆ. ಬರೆಯುವವನು ಇರಲಿಲ್ಲ.”

ಶುದ್ಧಪ್ರತಿ ಮಾಡಲು ಕುಳಿತಾಗ ಅವರ ಕೈಯನ್ನು ತಡೆದದ್ದು ಒಂದು ಪದ. ವಿದ್ಯಾರ್ಥಿನಿ ದಿನಾಂಕಗಳನ್ನಷ್ಟೇ ನಕಲು ಮಾಡಿಕೊಂಡಿದ್ದಳು. ಅಧ್ಯಾಪಕರು ವೃತ್ತಿಧರ್ಮದಂತೆ ಅಕ್ಷರ ಬಿಡದೆ ಬರೆಯತೊಡಗಿದರು. ಮೊದಲ ವರ್ಷಗಳ ಅಂಚಿನಲ್ಲಿ ಇದ್ದದ್ದು ‘ಸಿಪಿಲೆ, ದನಿ’. ಆಮೇಲೆ ಕೆಲವು ವರ್ಷ ‘ಸಿಪಿಲೆ, ದನಿ, ಕಂಡಿತು’. ಈಚಿನ ಏಳೆಂಟು ವರ್ಷಗಳಲ್ಲಿ ‘ಸಿಪಿಲೆ ಕಂಡಿತು’ ಎಂದು ಮಾತ್ರ. ದನಿ ಎಂಬ ಪದ ಎಲ್ಲಿಯೋ ಬಿದ್ದುಹೋಗಿತ್ತು. ಬೇರೊಬ್ಬರ ಪ್ರತಿಯಲ್ಲಿ ಇಂತಹ ವ್ಯತ್ಯಾಸ ಕಂಡಿದ್ದರೆ ಅವರು ಒಂದು ಕ್ಷಣವೂ ತಡೆಯದೆ, ಇಲ್ಲಿ ಲಿಪಿಕಾರ ಬದಲಾಗಿದ್ದಾನೆ ಎಂದು ಟಿಪ್ಪಣಿ ಬರೆಯುತ್ತಿದ್ದರು. ಇಲ್ಲಿ ಲಿಪಿಕಾರ ಒಬ್ಬನೇ. ಹಾಗಾದರೆ ಬದಲಾದದ್ದು ಏನು?

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಯ ಸದ್ದುಗಳನ್ನು. ಮಾತು ಕೇಳಿಸುತ್ತದೆ, ಗಂಟೆ ಕೇಳಿಸುತ್ತದೆ, ಮಳೆ ಕೇಳಿಸುತ್ತದೆ. ಆದ್ದರಿಂದ ಏನೋ ಕೈತಪ್ಪಿದೆ ಎಂಬುದೇ ಬಹುಕಾಲ ತಿಳಿಯುವುದಿಲ್ಲ. ಸಿಪಿಲೆಯ ಕರೆ ತೀರ ಚೂಪಾದುದು. ಬಂಡೆಯ ಮೇಲೆ ಹಕ್ಕಿ ಕಣ್ಣಿಗೆ ಬೀಳುವ ಮೊದಲೇ, ತಲೆಯ ಮೇಲಿಂದ ಹಾದುಹೋಗುವಾಗಿನ ಆ ಎರಡು ಹನಿ ಸದ್ದಿನಿಂದ ಅದರ ಬರವು ಗೊತ್ತಾಗುತ್ತದೆ. ದನಿ ಕೇಳದವನು ಹಕ್ಕಿ ತನ್ನ ಕಣ್ಣೆದುರಿಗೇ ಬಂದಿಳಿಯುವವರೆಗೆ ಕಾಯಬೇಕು. ಅದಕ್ಕೆ ಕೆಲವು ದಿನವಾದರೂ ಹಿಡಿಯುತ್ತದೆ. ಎರಡು ವಾರವೂ ಹಿಡಿಯಬಹುದು.

ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವನ್ನು ಅವರು ಎಷ್ಟೋ ಮಂದಿಗೆ ಪಾಠ ಹೇಳಿದ್ದರು. ಇಂದ್ರಿಯದಿಂದ ಹುಟ್ಟುವ ಮತಿಜ್ಞಾನಕ್ಕೆ ನಾಲ್ಕು ಹಂತ: ಅವಗ್ರಹ, ಈಹಾ, ಅವಾಯ, ಧಾರಣಾ. ಏನೋ ತಾಕಿತು ಎಂಬುದು ಅವಗ್ರಹ. ಅದು ಏನಿರಬಹುದೆಂಬ ಜಿಜ್ಞಾಸೆ ಈಹಾ. ಇಂಥದ್ದೇ ಎಂಬ ನಿಶ್ಚಯ ಅವಾಯ. ಅದನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ. ಅವಗ್ರಹದಲ್ಲಿಯೂ ಎರಡು ಬಗೆ. ವಸ್ತು ಸ್ಪಷ್ಟವಾಗುವ ಮೊದಲಿನ ಮಸುಕಾದ ಸೋಂಕಿಗೆ ವ್ಯಂಜನಾವಗ್ರಹವೆಂದು ಹೆಸರು. ಅದು ಕಣ್ಣಿಗೂ ಮನಸ್ಸಿಗೂ ಇಲ್ಲ, ಕಿವಿಗೆ ಉಂಟು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಹೊಸ ಮಣ್ಣಿನ ಶರಾವದ ದೃಷ್ಟಾಂತ ಕೊಡುತ್ತಾರೆ. ಎರಡು ಮೂರು ಹನಿ ಬಿದ್ದರೆ ಅದು ಒದ್ದೆಯಾಗುವುದಿಲ್ಲ. ಹನಿ ಮತ್ತೆ ಮತ್ತೆ ಬಿದ್ದಾಗಲೇ ತೇವ ಕಾಣುತ್ತದೆ. ಋತುವಿನ ಮೊದಲ ಸೂಚನೆ ಎನ್ನುವುದು ಆ ಮೊದಲ ಹನಿಗಳೇ. ಕಿವಿ ಅವನ್ನು ಹೀರುತ್ತ ಹೀರುತ್ತ ಒಂದು ಕ್ಷಣದಲ್ಲಿ ‘ಬಂದಿತು’ ಎನ್ನುತ್ತದೆ. ಅಧ್ಯಾಪಕರ ಧಾರಣೆಗೆ ಕುಂದಿರಲಿಲ್ಲ, ನಿಶ್ಚಯಕ್ಕೂ ಕುಂದಿರಲಿಲ್ಲ. ಶರಾವದ ಮೇಲೆ ಹನಿಯೇ ಬೀಳುತ್ತಿರಲಿಲ್ಲ. ಕಿವಿಯ ಜ್ಞಾನ ನಿಂತುಹೋಗಿ ಕಣ್ಣಿನ ಜ್ಞಾನ ಅದರ ಸ್ಥಾನಕ್ಕೆ ಬಂದದ್ದನ್ನು ಆ ಅಂಚುಗಳು ಪ್ರಾಮಾಣಿಕವಾಗಿ ಹೇಳಿದ್ದವು. ಬರೆದವರು ಮಾತ್ರ ಓದಿರಲಿಲ್ಲ.

ಊಹೆಯನ್ನು ಪರೀಕ್ಷಿಸದೆ ಟಿಪ್ಪಣಿ ಬರೆಯುವುದು ಸಂಪಾದಕನ ಕ್ರಮವಲ್ಲ. ಅವರು ವಿದ್ಯಾರ್ಥಿನಿಗೆ ಒಂದು ವರ್ಷ ಕಾಯಬೇಕೆಂದು ಪತ್ರ ಬರೆದರು. ಮುಂದಿನ ಸೋಣ ಬಂದಾಗ, ತಿಂಗಳ ಹತ್ತನೆಯ ದಿನದಿಂದಲೇ, ಒಂಬತ್ತು ವರ್ಷದ ಮೊಮ್ಮಗಳನ್ನು ಬೆಳಿಗ್ಗೆ ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಹಕ್ಕಿಯ ದನಿಯನ್ನು ಮೊದಲೇ ಮೊಬೈಲಿನಲ್ಲಿ ಅವಳಿಗೆ ಕೇಳಿಸಲಾಗಿತ್ತು. ಅದನ್ನು ಕೇಳಿಸುವಾಗಲೇ ಅವರಿಗೆ ಅರ್ಧ ಉತ್ತರ ದೊರೆತಿತ್ತು. ಮಗು “ಹೌದು, ಹೌದು” ಎಂದು ತಲೆಯಾಡಿಸುತ್ತಿದ್ದಾಗ ಅವರ ಕಿವಿಗೆ ಬಂದದ್ದು ಧ್ವನಿಮುದ್ರಣದ ಹಿನ್ನೆಲೆಯಲ್ಲಿದ್ದ ತೊರೆಯ ಮೊರೆತ ಮಾತ್ರ.

ಒಂದು ವಾರ ಏನೂ ಆಗಲಿಲ್ಲ. ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಮಗುವಿಗೆ ಬೇಸರ ಬಂದು, ಒಂದೆರಡು ದಿನ ಏಳಲಾರೆನೆಂದು ಹಟ ಮಾಡಿದ್ದೂ ಉಂಟು. ಸೋಣದ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ಪೂರ್ವದಲ್ಲಿ ಘಟ್ಟದ ಸಾಲು ತೊಳೆದಿಟ್ಟಂತೆ ಕಾಣುತ್ತಿತ್ತು. ಎದುರಿನ ದಿಬ್ಬದ ಮೇಲೆ ಚತುರ್ಮುಖ ಬಸದಿಯ ಕಲ್ಲಿನ ಮಾಡು ಒದ್ದೆಯಾಗಿ ಹೊಳೆಯುತ್ತಿತ್ತು. ಮೆಟ್ಟಿಲಿನ ನಡುವೆ ಮಗು ಥಟ್ಟನೆ ನಿಂತಳು. ಅವಳ ಮುಖ ಎಡದಿಂದ ಬಲಕ್ಕೆ, ಯಾವುದೋ ಕಾಣದ ದಾರವನ್ನು ಹಿಂಬಾಲಿಸುವಂತೆ, ಮೆಲ್ಲನೆ ತಿರುಗಿತು.

“ಅಜ್ಜ, ಬಂತು. ಕೇಳಿತಾ?”

ಅಧ್ಯಾಪಕರು ಉಸಿರು ಬಿಗಿಹಿಡಿದು ನಿಂತರು. ಮರದೆಲೆಗಳಿಂದ ನೀರು ತೊಟ್ಟಿಕ್ಕುವ ಸದ್ದಿತ್ತು, ಕೆಳಗಿನ ರಸ್ತೆಯಲ್ಲಿ ಬಸ್ಸಿನ ಸದ್ದಿತ್ತು.

“ಪುನಃ ಕೂಗಿತು. ನಿಮಗೆ ಕೇಳ್ಲಿಲ್ವಾ ಅಜ್ಜ?”

“ಇಲ್ಲ ಮಗಾ” ಎಂದರು ಅವರು. ‘ಹೌದು’ ಎನ್ನಬಹುದಿತ್ತು, ಮಗುವಿಗೂ ಖುಷಿಯಾಗುತ್ತಿತ್ತು. ಬಂಡೆಯ ಮೇಲೆ ಹಕ್ಕಿಯನ್ನು ಹುಡುಕಿದರು. ಕಾಣಲಿಲ್ಲ. ಅವರಿಗೆ ಅದು ಕಂಡದ್ದು ಹದಿಮೂರು ದಿನಗಳ ಮೇಲೆ, ನಿರ್ನಾಲದ ಮೊದಲ ದಿನಗಳಲ್ಲಿ, ಎಂದಿನ ನೀರಿನ ಎಳೆಯ ಪಕ್ಕದಲ್ಲಿ. ಹಿಂದಿನ ವರ್ಷಗಳ ‘ಕಂಡಿತು’ ಎಂಬ ಗುರುತುಗಳಿಗೆ ಅದು ಸರಿಯಾಗಿ ಹೊಂದಿತು.

ಒಂದು ವರ್ಷದ ಪರೀಕ್ಷೆ ಎಲ್ಲವನ್ನೂ ಸಾಧಿಸುವುದಿಲ್ಲ ಎಂಬುದನ್ನು ಅವರೂ ಬಲ್ಲರು. ಹಕ್ಕಿಯೂ ಒಂದೆರಡು ದಿನ ಸರಿದಿರಬಹುದು. ಕಿವಿಯ ಕುಂದಿನ ಕೆಳಗೆ ಋತುವಿನ ಬದಲಾವಣೆಯೂ ಅಡಗಿರಬಹುದು. ಆದರೆ ಆ ಪಂಚಾಂಗಗಳ ಸಾಲು ಈಗ ಹಕ್ಕಿಯೊಂದರ ಚರಿತ್ರೆಯಾಗಿ ಮಾತ್ರ ಉಳಿದಿಲ್ಲ. ಅದು ಒಬ್ಬ ಮನುಷ್ಯನ ಶ್ರವಣದ ಚರಿತ್ರೆಯೂ ಹೌದು. ಎರಡನ್ನೂ ಬೇರ್ಪಡಿಸದೆ ಪ್ರಕಟಿಸಿದರೆ ಅದು ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ತಲೆಗೆ ಕಟ್ಟಿದಂತೆ. ನಮ್ಮ ಸಂಶೋಧನೆಗಳಲ್ಲಿ ಇದು ಅಪರೂಪದ ತಪ್ಪೇನೂ ಅಲ್ಲ. ಶಾಸನಗಳು ದೊರೆಯದ ಕಾಲವನ್ನು ಏನೂ ನಡೆಯದ ಕಾಲವೆಂದೂ, ಹಸ್ತಪ್ರತಿ ಉಳಿಯದ ಕವಿಯನ್ನು ಜನಪ್ರಿಯನಲ್ಲದ ಕವಿಯೆಂದೂ ಬರೆದವರಿದ್ದಾರೆ. ಸಾಕ್ಷಿ ತಡವಾದುದನ್ನು ಘಟನೆಯೇ ತಡವಾಯಿತೆಂದು ಓದುವುದು ಬಹಳ ಸಹಜ. ಸಾಕ್ಷಿಗೆ ತನ್ನ ಕುಂದು ತಿಳಿಯದೇ ಇರುವುದು ಇನ್ನೂ ಸಹಜ.

ಆ ವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ, ಪರಸ್ಪರ ಕ್ಷಮೆ ಕೇಳುವ ದಿನದ ಸಂಜೆ, ಅಧ್ಯಾಪಕರು ಶುದ್ಧಪ್ರತಿಯನ್ನು ಪೂರ್ಣಗೊಳಿಸಿದರು. ‘ದನಿ’ಗೆ ಒಂದು ಅಂಕಣ, ‘ಕಂಡಿತು’ ಎಂಬುದಕ್ಕೆ ಒಂದು ಅಂಕಣ. ನಡುವೆ ಒಂದು ವರ್ಷ ಖಾಲಿ. ಓಲೆಗರಿಯ ಲಿಪಿಕಾರರು ಪ್ರತಿಯ ಕೊನೆಗೆ ತಮ್ಮ ವಿವರ ಕೊಟ್ಟು, ಕೈಯಿಂದ ತಪ್ಪಾಗಿದ್ದರೆ ತಿದ್ದಿ ಓದಬೇಕೆಂದು ಬೇಡಿಕೊಳ್ಳುವುದು ವಾಡಿಕೆ. ಅವರೂ ಹಾಗೆಯೇ ನಾಲ್ಕು ಸಾಲು ಸೇರಿಸಿದರು. ಬರೆದವನ ವಯಸ್ಸು, ಯಾವ ವರ್ಷದಿಂದ ಕಿವಿ ಮಂದವಾಗಿರಬಹುದೆಂಬ ಅಂದಾಜು, ಖಾಲಿ ಬಿಟ್ಟ ವರ್ಷದ ಕಾರಣ, ತಿದ್ದಿ ಓದಬೇಕೆಂಬ ವಿನಂತಿ. ವಿದ್ಯಾರ್ಥಿನಿ ಆ ನಾಲ್ಕು ಸಾಲುಗಳನ್ನು ಪಟ್ಟಿಯ ಕೊನೆಯಿಂದ ತೆಗೆದು ಮೊದಲಿಗೆ ಹಾಕಿದ್ದಾಳೆ.

ಕಪಾಟಿನ ಕೆಳಹಲಗೆಯಲ್ಲಿ ಈಗ ಮತ್ತೊಂದು ಪಂಚಾಂಗ ಸೇರಿದೆ. ಅದರ ಅಂಚಿನಲ್ಲಿ, ಸೋಣ ತಿಂಗಳ ಒಂದು ದಿನದ ಪಕ್ಕ, ‘ಸಿಪಿಲೆ, ದನಿ’ ಎಂದು ಬರೆದಿದೆ. ಅಕ್ಷರ ದುಂಡಗಿದೆ, ‘ಪಿ’ಯ ಗುಡಿಸು ಸ್ವಲ್ಪ ಅತ್ತಿತ್ತ ಹೋಗಿದೆ. ಅದು ಅಧ್ಯಾಪಕರ ಕೈಬರಹವಲ್ಲ.